ಹೊಸಿಲಿನಿಂದ ಹಾಜರಿ ಪುಸ್ತಕದವರೆಗೆ

ಹೆಣ್ಣುಮಗಳೊಬ್ಬಳಿಗೆ ಕೆಲಸ ಸಿಕ್ಕಿತು ಎಂಬ ಸುದ್ದಿ ಬಂದರೆ ನಮ್ಮ ಊರುಗಳಲ್ಲಿ ಕೇಳುವ ಪ್ರಶ್ನೆಗಳು ಎರಡೇ. ಸಂಬಳ ಎಷ್ಟು? ಯಾವ ಊರಿನಲ್ಲಿ? ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಕೇಳಿದವರಿಗೆ ಸಮಾಧಾನ. ‘ಪರವಾಗಿಲ್ಲ, ಹುಡುಗಿ ದಡ ಸೇರಿದಳು’ ಎಂದು ಸಕ್ಕರೆ ಬಾಯಿಗೆ ಹಾಕಿಕೊಂಡು ಹೊರಡುತ್ತಾರೆ. ಈ ಎರಡರ ನಡುವೆ ಮೂರನೆಯ ಪ್ರಶ್ನೆಯೊಂದು ಉಳಿದುಬಿಡುತ್ತದೆ. ಅಲ್ಲಿಗೆ ದಿನಾ ಹೋಗಿ ಬರುವ ಖರ್ಚು ಯಾರದು? ಅಪ್ಪಿತಪ್ಪಿ ಯಾರಾದರೂ ಕೇಳಿದರೆ, ‘ಅದೆಲ್ಲ ಹೇಗೋ ಆಗುತ್ತೆ ಬಿಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೇಗೋ ಆಗುತ್ತದೆ ಎಂದರೆ ಅವಳೇ ಹೇಗೋ ಮಾಡಿಕೊಳ್ಳುತ್ತಾಳೆ ಎಂದರ್ಥ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮನೆಯ ಹೊಸಿಲಿನಿಂದ ಹಾಜರಿ ಪುಸ್ತಕದವರೆಗಿನ ದಾರಿಯೂ ಕೆಲಸದ ಭಾಗವೇ. ಆ ದಾರಿಗೆ ತಗಲುವ ದುಡ್ಡು, ಹೊತ್ತು, ಮೈಕೈ ನೋವು ಇವೆಲ್ಲ ಅವಳ ಸ್ವಂತ ವಿಷಯ ಎಂದು ಕಾನೂನು ಕೈತೊಳೆದುಕೊಂಡಿದೆ. ಕೆಲಸ ಕೊಡುವವನೂ ಅದೇ ನೀರಿನಲ್ಲಿ ಕೈತೊಳೆದುಕೊಂಡಿದ್ದಾನೆ. ಇದು ನ್ಯಾಯವಲ್ಲ. ಕಾನೂನು ಬದಲಾಗುವ ತನಕ ಕಾಯುವಷ್ಟು ಪುರುಸೊತ್ತು ನಮಗಿಲ್ಲವಾದ್ದರಿಂದ, ಸಂಬಳದ ಮಾತುಕತೆಯ ಮೇಜಿನ ಮೇಲೆಯೇ ಈ ಲೆಕ್ಕವನ್ನು ಇಡುವುದನ್ನು ನಾವು ಕಲಿಯಬೇಕು.

ಸಂಬಳದ ಬಿಲ್ಲು ಬರೆಯುವ ಮೇಜಿನಲ್ಲಿ ಬಹಳ ವರ್ಷ ಕುಳಿತವಳು ನಾನು. ಆ ಮೇಜಿಗೆ ಬೇರೆಯವರಿಗೆ ಕಾಣದ ಕೆಲವು ಸಂಗತಿಗಳು ಕಾಣುತ್ತವೆ. ಸಾಹೇಬರ ಕಾರಿನ ಪೆಟ್ರೋಲು ಯಾವ ಲೆಕ್ಕದಲ್ಲಿ ಹೋಗುತ್ತದೆ, ಟೈಪು ಮಾಡುವ ಹುಡುಗಿಯ ಬಸ್ಸಿನ ಪಾಸು ಯಾವ ಲೆಕ್ಕದಲ್ಲಿಯೂ ಯಾಕೆ ಬರುವುದಿಲ್ಲ ಎಂಬುದು ಅಂಥ ಸಂಗತಿಗಳಲ್ಲಿ ಒಂದು. ಆದ್ದರಿಂದ ತೆರಿಗೆಯ ಕಡೆಯಿಂದಲೇ ಶುರು ಮಾಡುತ್ತೇನೆ. ತೆರಿಗೆ ಎಂದ ಕೂಡಲೇ ಪುಟ ತಿರುವಬೇಡಿ. ಅಡುಗೆಮನೆಯ ತಿಂಗಳ ಲೆಕ್ಕ ಬರೆಯಬಲ್ಲವರಿಗೆ ಇದು ಕಷ್ಟದ್ದೇನಲ್ಲ.

1974ಕ್ಕೆ ಮೊದಲು ಕೆಲಸಕ್ಕಾಗಿ ಸ್ವಂತ ವಾಹನ ಇಟ್ಟುಕೊಂಡ ನೌಕರರಿಗೆ, ಪುಸ್ತಕ ಕೊಂಡವರಿಗೆ ಆದಾಯ ತೆರಿಗೆಯಲ್ಲಿ ಬೇರೆ ಬೇರೆ ರಿಯಾಯಿತಿಗಳಿದ್ದವು. ಆ ವರ್ಷ ಅವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದು ಹೆಸರಿಟ್ಟರು. 2005ರಲ್ಲಿ ಆ ಚೀಲವನ್ನೇ ತೆಗೆದುಬಿಟ್ಟರು. ಉಳಿದದ್ದು ಸಾರಿಗೆ ಭತ್ಯೆ. ಮನೆಯಿಂದ ಕಚೇರಿಗೆ ಹೋಗಿ ಬರಲೆಂದು ಮಾಲೀಕ ಕೊಡುವ ಭತ್ಯೆಯಲ್ಲಿ ತಿಂಗಳಿಗೆ 800 ರೂಪಾಯಿಗೆ ತೆರಿಗೆ ಇರಲಿಲ್ಲ. ಆ 800 ವರ್ಷಗಟ್ಟಲೆ ಅಲುಗಾಡದೆ ಕುಳಿತಿತ್ತು. 2015ರಲ್ಲಿ ಅದು 1,600 ಆಯಿತು. ಮೂರೇ ವರ್ಷಕ್ಕೆ, 2018ರ ಬಜೆಟ್ಟಿನಲ್ಲಿ, ಅದನ್ನೂ ರದ್ದು ಮಾಡಿದರು. ವರ್ಷಕ್ಕೆ 19,200ರ ಸಾರಿಗೆ ಭತ್ಯೆ, 15,000ದ ವೈದ್ಯಕೀಯ ವೆಚ್ಚ ಎರಡನ್ನೂ ಕಿತ್ತುಕೊಂಡು ಅದರ ಬದಲು 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಮರಳಿ ತಂದರು. ಹೆಚ್ಚಿಗೆ ಸಿಕ್ಕದ್ದು 5,800ರ ಮೇಲಿನ ವಿನಾಯಿತಿ. ಅದೇ ಬಜೆಟ್ಟಿನಲ್ಲಿ ಸೆಸ್ಸನ್ನು ಶೇಕಡಾ 3ರಿಂದ 4ಕ್ಕೆ ಏರಿಸಿದರು. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಎಳೆದುಕೊಳ್ಳುವುದೆಂದರೆ ಇದೇ. ಮುಂದೆ ಆ 40,000 ಮೊದಲು 50,000 ಆಯಿತು. 2024ರಲ್ಲಿ ಹೊಸ ಪದ್ಧತಿಯವರಿಗೆ 75,000 ಆಯಿತು.

ಮೊತ್ತ ಹೆಚ್ಚಿತಲ್ಲ, ಮತ್ತೇನು ತಕರಾರು ಎನ್ನಬಹುದು. ತಕರಾರು ಇಲ್ಲಿದೆ. ಈ ವಿನಾಯಿತಿಗೂ ದಾರಿಗೂ ಈಗ ಸಂಬಂಧವೇ ಇಲ್ಲ. ಕಚೇರಿಯ ಎದುರು ಬೀದಿಯಲ್ಲಿ ಮನೆ ಇರುವವನಿಗೂ ಅಷ್ಟೇ, ಎರಡು ಬಸ್ಸು ಬದಲಾಯಿಸಿ ಬರುವವಳಿಗೂ ಅಷ್ಟೇ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ವಿನಾಯಿತಿಯ ಬೆಲೆ ತೆರಿಗೆ ಕಟ್ಟುವವರಿಗೆ ಮಾತ್ರ. 2025-26ರ ಲೆಕ್ಕದಲ್ಲಿ ಹೊಸ ಪದ್ಧತಿಯವರು ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಕಟ್ಟಬೇಕಾಗಿಲ್ಲ. 24 ಲಕ್ಷ ಮೀರಿದವನ ಮೇಲಿನ ಹಣಕ್ಕೆ ಶೇಕಡಾ 30ರ ದರ. ಅವನಿಗೆ 75,000ದ ವಿನಾಯಿತಿಯಿಂದ ಸೆಸ್ಸೂ ಸೇರಿ 23,400 ರೂಪಾಯಿ ಉಳಿಯುತ್ತದೆ. ತಿಂಗಳಿಗೆ 22,000 ತರುವ ಹೆಣ್ಣುಮಗಳಿಗೆ ಉಳಿಯುವುದು ಸೊನ್ನೆ. ತೆರಿಗೆಯೇ ಇಲ್ಲದ ಮೇಲೆ ವಿನಾಯಿತಿ ಯಾವುದರಲ್ಲಿ? ಹಾಗೆಂದು ಅವಳು ತೆರಿಗೆಯನ್ನೇ ಕೊಡುವುದಿಲ್ಲ ಎಂದುಕೊಂಡರೆ ತಪ್ಪು. ಅವಳ ಸ್ಕೂಟಿಗೆ ಬೀಳುವ ಪ್ರತಿ ಲೀಟರು ಪೆಟ್ರೋಲಿನಲ್ಲೂ ಕೇಂದ್ರದ ಸುಂಕವಿದೆ, ರಾಜ್ಯದ ಮಾರಾಟ ತೆರಿಗೆ ಇದೆ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಅದನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. ಕೆಲಸಕ್ಕೆ ಹೋಗುವ ಸಲುವಾಗಿ ತೆರಿಗೆ ಕಟ್ಟುವ ಅವಳಿಗೆ, ಕೆಲಸಕ್ಕೆ ಹೋದ ಖರ್ಚಿನ ಮೇಲೆ ಬಿಡಿಗಾಸಿನ ರಿಯಾಯಿತಿ ಇಲ್ಲ.

ಇನ್ನು ಕಾರಿನವರ ಕಥೆ. 1961ರ ಆದಾಯ ತೆರಿಗೆ ಕಾಯ್ದೆಯ 17ನೇ ಕಲಮಿನಲ್ಲಿ ಒಂದು ವಿವರಣೆ ಇತ್ತು. ಮಾಲೀಕ ಒದಗಿಸಿದ ವಾಹನದಲ್ಲಿ ನೌಕರ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಓಡಾಡಿದರೆ ಅದನ್ನು ಅವನಿಗೆ ಸಿಕ್ಕ ಸವಲತ್ತು ಎಂದು ಎಣಿಸಬಾರದು, ಅದಕ್ಕೆ ತೆರಿಗೆ ಹಾಕಬಾರದು ಎಂದು. ಇದನ್ನು ಸ್ವಲ್ಪ ಯೋಚಿಸಿ. ಕಂಪನಿಯ ಕಾರು ಮನೆಬಾಗಿಲಿಗೆ ಬಂದು ಸಾಹೇಬರನ್ನು ಕರೆದೊಯ್ದರೆ, ಆ ಓಡಾಟ ಕೆಲಸಕ್ಕೆ ಸೇರಿದ್ದು. ಹುಡುಗಿ ಸ್ವಂತ ದುಡ್ಡಿನಲ್ಲಿ ಬಸ್ಸು ಹತ್ತಿದರೆ, ಆ ಓಡಾಟ ಅವಳ ಖಾಸಗಿ ವಿಷಯ. ಕಾರ್ಖಾನೆಯ ಹೆಣ್ಣುಮಕ್ಕಳನ್ನು ತರುವ ವ್ಯಾನಿಗೂ ಇದೇ ನಿಯಮ ಅನ್ವಯಿಸುತ್ತದೆ, ನಿಜ. ಆದರೆ ವ್ಯಾನು ಕೊಡುವುದು ಬಿಡುವುದು ಮಾಲೀಕನ ಮರ್ಜಿ. ಅಂಗಡಿ ಇಟ್ಟವನು ವ್ಯಾಪಾರಕ್ಕೆ ಓಡಿಸಿದ ಗಾಡಿಯ ಖರ್ಚನ್ನು ಲಾಭದಲ್ಲಿ ಕಳೆದು ತೋರಿಸುತ್ತಾನೆ. ಸಂಬಳಗಾರಳಿಗೆ ಮಾತ್ರ ಅಂಥದೊಂದು ಕಲಮು ಇಲ್ಲ. 1961ರ ಕಾಯ್ದೆಯ ಬದಲಿಗೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು, 2026ರ ಏಪ್ರಿಲ್ 1 ಅದರ ಜಾರಿಯ ದಿನ. ಭಾಷೆ ಸರಳವಾಯಿತು. ಸಂಬಳಗಾರಳ ಬಸ್ಸಿನ ಚಾರ್ಜಿಗೆ ಅದರಲ್ಲೂ ಜಾಗ ಸಿಗಲಿಲ್ಲ.

ಯಾಕೆ ಹೀಗೆ? ಇದರ ಹಿಂದೆ ಒಂದು ಹಳೆಯ ತರ್ಕವಿದೆ. 1952ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಒಬ್ಬ ಬ್ಯಾರಿಸ್ಟರರ ವ್ಯಾಜ್ಯ ಬಂತು. ಹಳ್ಳಿಯ ಕಡೆ ಮನೆ, ಲಂಡನ್ನಿನಲ್ಲಿ ಕಚೇರಿ. ಮನೆಯಲ್ಲೂ ಕಾಗದಪತ್ರ ನೋಡಿ ಕೆಲಸ ಮಾಡುತ್ತೇನಾದ್ದರಿಂದ ರೈಲಿನ ಖರ್ಚನ್ನು ಕಳೆದು ತೆರಿಗೆ ಹಾಕಿ ಎಂದು ಅವರು ಕೇಳಿದರು. ನ್ಯಾಯಾಲಯ ಒಪ್ಪಲಿಲ್ಲ. ಅವರು ರೈಲು ಹತ್ತುವುದು ವೃತ್ತಿಗಾಗಿ ಅಲ್ಲ, ದೂರದಲ್ಲಿ ಮನೆ ಮಾಡಿಕೊಂಡಿದ್ದಾರೆ ಎಂಬ ಕಾರಣಕ್ಕೆ ಎಂಬುದು ತೀರ್ಪಿನ ಸಾರ. ಎಲ್ಲಿ ವಾಸ ಮಾಡುವುದು ಎಂಬುದು ನಿನ್ನ ಆಯ್ಕೆ, ಆಯ್ಕೆಯ ಖರ್ಚು ನಿನ್ನದು ಎಂದು ಇದರ ಅರ್ಥ. ನಮ್ಮ ಕಾಯ್ದೆಯ ಮನಸ್ಸೂ ಇದೇ ಜಾಡಿನದು. ಕಚೇರಿ ತಲುಪಿದ ಮೇಲೆ ಕಚೇರಿಯ ಕೆಲಸಕ್ಕೆ ಓಡಾಡಿದರೆ ಅದಕ್ಕೆ ಕೊಟ್ಟ ಭತ್ಯೆಗೆ ವಿನಾಯಿತಿ. ಕಚೇರಿ ತಲುಪುವ ತನಕ ಪಟ್ಟ ಪಾಡಿಗೆ ಇಲ್ಲ.

ಸ್ವಂತ ಇಚ್ಛೆಯಿಂದ ಹಳ್ಳಿಯ ಗಾಳಿ ಬಯಸಿ ಮನೆ ಮಾಡಿದ ಬ್ಯಾರಿಸ್ಟರರಿಗೆ ಈ ತರ್ಕ ಸರಿಹೋಗಬಹುದು. ನಮ್ಮ ಹೆಣ್ಣುಮಕ್ಕಳ ಮಟ್ಟಿಗೆ ಇದು ಹಾಸ್ಯಾಸ್ಪದ. ಅವಳು ಎಲ್ಲಿ ಇರಬೇಕು ಎಂಬುದನ್ನು ಅವಳನ್ನು ಕೇಳಿದವರು ಯಾರು? ಹುಟ್ಟಿದ ಊರು ಅಪ್ಪನದು. ಮದುವೆಯಾದ ಮೇಲಿನ ಊರು ಗಂಡನದು. ಗಂಡನಿಗೆ ವರ್ಗವಾದರೆ ಸಾಮಾನು ಕಟ್ಟಬೇಕು. ಅವಳಿಗೆ ವರ್ಗವಾದರೆ ರಾಜೀನಾಮೆ ಬರೆಯಬೇಕು. ಅತ್ತೆಮಾವನಿಗೆ ವಯಸ್ಸಾಗಿದೆ, ಹಳೆಯ ಮನೆ ಬಿಡುವಂತಿಲ್ಲ. ಮಕ್ಕಳ ಶಾಲೆ ಇಲ್ಲೇ ಇದೆ, ಕದಲಿಸುವಂತಿಲ್ಲ. ಮದುವೆಯಾಗದವಳು ಕೆಲಸದ ಊರಿನಲ್ಲೇ ಇರುತ್ತೇನೆಂದರೆ ಒಂಟಿ ಹೆಣ್ಣಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ ಎನ್ನುವ ಮಾಲೀಕರೇ ಹೆಚ್ಚು. ಅವಳ ವಿಳಾಸದಲ್ಲಿ ಅವಳ ಆಯ್ಕೆ ಎಂಬುದು ಹುಡುಕಿದರೂ ಸಿಗದು. ಆದರೂ ಕಾನೂನು ಅವಳಿಗೆ ಹೇಳುತ್ತದೆ: ದೂರ ಇರುವುದು ನಿನ್ನ ಇಷ್ಟ, ದುಡ್ಡು ನೀನೇ ಕೊಡು. ಹೊತ್ತು ಮುಳುಗುವುದರೊಳಗೆ ಮನೆ ಸೇರು ಎಂದು ಸಮಾಜ ಹೇಳುತ್ತದೆ. ಹೊತ್ತಿಗೆ ಸರಿಯಾಗಿ ಬಾ ಎಂದು ಮಾಲೀಕ ಹೇಳುತ್ತಾನೆ. ಮೂವರ ಮಾತನ್ನೂ ನಡೆಸಿಕೊಡುವುದು ಅವಳ ಕಾಲು.

ದಾರಿ ಕೆಲಸದ ಭಾಗ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಇದೇ ದೇಶದ ಕಾನೂನು ಇನ್ನೊಂದು ಬಾಗಿಲಲ್ಲಿ ಬೇರೆಯೇ ಉತ್ತರ ಕೊಟ್ಟಿದೆ. ಕೇರಳದ ಕಾರ್ಮಿಕರೊಬ್ಬರು ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗುವಾಗ ಒಂದು ಕಿಲೋಮೀಟರು ದೂರದಲ್ಲಿ ಲಾರಿ ಬಡಿದು ಗಾಯಗೊಂಡರು. ಅದು ಕೆಲಸದ ಸಂದರ್ಭದ ಅಪಘಾತವಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2010ರಲ್ಲಿ ಇಎಸ್‌ಐ ಕಾಯ್ದೆಗೆ ಹೊಸ ಕಲಮು ಸೇರಿಸಿ, ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಮುಗಿಸಿ ಬರುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ನಂಟು ತೋರಿಸಿದರೆ ಅದನ್ನು ಕೆಲಸದಲ್ಲಿ ಆದದ್ದೆಂದೇ ತಿಳಿಯಬೇಕು ಎಂದರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಒಂದು ಹೆಜ್ಜೆ ಮುಂದೆ ಹೋಯಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ನಸುಕಿನ ಪಾಳಿಗೆ ಮೋಟಾರು ಸೈಕಲ್ಲಿನಲ್ಲಿ ಹೊರಟು ದಾರಿಯಲ್ಲೇ ತೀರಿಕೊಂಡಿದ್ದ. ಅವನ ಮನೆಯವರಿಗೆ ಪರಿಹಾರ ಸಲ್ಲಬೇಕು, ಆ ದಾರಿ ಕೆಲಸದ ದಾರಿಯೇ ಎಂದು ನ್ಯಾಯಾಲಯ ಎತ್ತಿಹಿಡಿಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತು ಉಳಿದಿದೆ.

ತುಂಬ ಒಳ್ಳೆಯದು. ಆದರೆ ಒಂದು ಪ್ರಶ್ನೆ. ದಾರಿಯಲ್ಲಿ ಸತ್ತರೆ ಅದು ಕೆಲಸ. ಬದುಕಿ ಕಚೇರಿ ತಲುಪಿದರೆ ಅದು ಖಾಸಗಿ. ಇದು ಯಾವ ಊರಿನ ನ್ಯಾಯ? ಹೆಣಕ್ಕೆ ಕೊಡುವ ಮರ್ಯಾದೆಯನ್ನು ಜೀವಂತ ಹೆಣ್ಣಿಗೂ ಕೊಡಿ ಎಂದು ಕೇಳುವುದು ಅತಿಯಾಸೆಯೆ?

ಬೇರೆ ದೇಶಗಳಲ್ಲಿ ಹೀಗಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಇಂಗ್ಲೆಂಡು, ಅಮೆರಿಕಗಳ ಧೋರಣೆ ನಮ್ಮದರಂತೆಯೇ. ಆದರೆ ಜರ್ಮನಿಯಲ್ಲಿ ಮನೆಗೂ ಕೆಲಸಕ್ಕೂ ಇರುವ ದೂರವನ್ನು ಕಿಲೋಮೀಟರಿನ ಲೆಕ್ಕದಲ್ಲಿ ಆದಾಯದಿಂದ ಕಳೆಯುತ್ತಾರೆ. ಬಸ್ಸೋ ಸೈಕಲ್ಲೋ ಕಾರೋ ಎಂದು ಕೇಳುವುದಿಲ್ಲ. ಜಪಾನಿನಲ್ಲಿ ನೌಕರರ ರೈಲು ಬಸ್ಸಿನ ಪಾಸಿಗೆ ಮಾಲೀಕರೇ ದುಡ್ಡು ಕೊಡುವುದು ರೂಢಿ, ತಿಂಗಳಿಗೆ ಒಂದೂವರೆ ಲಕ್ಷ ಯೆನ್‌ವರೆಗೆ ಅದಕ್ಕೆ ತೆರಿಗೆಯೂ ಇಲ್ಲ. ಅಲ್ಲಿಯ ಕಾರ್ಖಾನೆಗಳು ಇದರಿಂದ ಮುಚ್ಚಿಹೋಗಿಲ್ಲ. ಆಗದ ಕೆಲಸ ಇದಲ್ಲ, ಮನಸ್ಸಿಲ್ಲದ ಕೆಲಸ.

ನಮ್ಮ ರಾಜ್ಯದ ಮಟ್ಟಿಗೆ ಒಂದು ಒಳ್ಳೆಯ ಕೆಲಸ ಆಗಿದೆ, ಅದನ್ನು ಹೇಳಲೇಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂದಾಯಿತು. ಹೆಂಗಸರು ಊರೂರು ತಿರುಗುತ್ತಾರೆ ಎಂದು ನಕ್ಕವರು ನಗಲಿ. ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲದವಳ ದಾರಿ ಖರ್ಚನ್ನು ಮುಟ್ಟಿದ ಸೌಲಭ್ಯ ಇದೊಂದೇ. ಹಾಗೆಂದು ಎಲ್ಲ ಮುಗಿಯಿತೆಂದಲ್ಲ. ಖಾಸಗಿ ಬಸ್ಸುಗಳದೇ ರಾಜ್ಯಭಾರವಾಗಿರುವ ಮಂಗಳೂರು, ಉಡುಪಿಯ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಇದರ ಲಾಭ ಅಷ್ಟಕ್ಕಷ್ಟೆ. ರೈಲಿಗಿಲ್ಲ, ಮೆಟ್ರೊಗಿಲ್ಲ. ಮೆಟ್ರೊ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60 ರೂಪಾಯಿಯಿಂದ 90ಕ್ಕೆ ಏರಿತು. ಮನೆಯಿಂದ ಬಸ್ ನಿಲ್ದಾಣಕ್ಕೆ ಆಟೋ ಹಿಡಿದರೆ ಆ ದುಡ್ಡು ಅವಳದೇ.

ಇಷ್ಟಾದ ಮೇಲೆ ನಮ್ಮ ಮಾಲೀಕರ ಜಾಣತನ ನೋಡಿ. ನನ್ನ ಪರಿಚಯದ ಹುಡುಗಿಯೊಬ್ಬಳು ಸಂದರ್ಶನಕ್ಕೆ ಹೋಗಿ ಪ್ರಯಾಣ ಭತ್ಯೆಯ ಮಾತೆತ್ತಿದಳು. ಎದುರಿಗೆ ಕುಳಿತವರು ನಗುತ್ತಾ, ‘ಬಸ್ಸು ಹೇಗೂ ಫ್ರೀ ಅಲ್ಲವೇನಮ್ಮಾ ನಿಮಗೆ?’ ಎಂದರಂತೆ. ಅದೇ ಕೆಲಸಕ್ಕೆ ಅದೇ ವಾರ ಸೇರಿದ ಹುಡುಗನಿಗೆ ಪೆಟ್ರೋಲಿನ ಹೆಸರಿನಲ್ಲಿ ತಿಂಗಳಿಗೆ ಇಷ್ಟು ಎಂದು ಬರೆದುಕೊಟ್ಟಿದ್ದರು. ಜನರ ತೆರಿಗೆಯಿಂದ ಸರ್ಕಾರ ಅವಳಿಗೆ ಕೊಟ್ಟದ್ದನ್ನು ತನ್ನ ಜೇಬಿಗೆ ಇಳಿಸಿಕೊಳ್ಳುವ ವಿದ್ಯೆ ಇದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇಲ್ಲಿ ಒಂದು ತಿದ್ದುಪಡಿ ಬೇಕು. ಈ ಪೂಜಾರಿ ಕೊಡದಿರುವುದಷ್ಟೇ ಅಲ್ಲ, ದೇವರು ಕೊಟ್ಟದ್ದನ್ನೂ ತಟ್ಟೆಗೆ ಹಾಕಿಸಿಕೊಳ್ಳುತ್ತಾನೆ.

ಇಂಥ ಮಾತು ಕೇಳಿದವರು ಒಂದು ಕಾನೂನನ್ನು ನೆನಪಿಡಬೇಕು. 2019ರ ವೇತನ ಸಂಹಿತೆಯೂ 2025ರ ನವೆಂಬರ್ 21ರಿಂದಲೇ ಜಾರಿಗೆ ಬಂದಿದೆ. ಅದರಲ್ಲಿ ವೇತನ ಎಂದರೇನು ಎಂಬ ವ್ಯಾಖ್ಯೆಯ ಹೊರಗೆ ಪ್ರಯಾಣ ಭತ್ಯೆಯನ್ನು ಇಟ್ಟಿದ್ದಾರೆ. ಆದರೆ ಗಂಡು ಹೆಣ್ಣಿನ ನಡುವೆ ಸಮಾನ ವೇತನ ಇದೆಯೋ ಇಲ್ಲವೋ ಎಂದು ನೋಡುವಾಗ ಆ ಭತ್ಯೆಯನ್ನೂ ವೇತನಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು ಎಂದು ಅಲ್ಲೇ ಬರೆದಿದ್ದಾರೆ. ಒಂದೇ ಬಗೆಯ ಕೆಲಸಕ್ಕೆ ಅವನಿಗೆ ಪೆಟ್ರೋಲಿನ ದುಡ್ಡು, ಅವಳಿಗೆ ನಗು ಎಂದರೆ ಅದು ಬರೀ ಜಿಪುಣತನವಲ್ಲ, ಕಾನೂನಿಗೆ ವಿರುದ್ಧ. ಇನ್ನೊಂದು ವಿಷಯ. ಮೂಲ ವೇತನ ಕಡಿಮೆ ತೋರಿಸಿ ಮಿಕ್ಕದ್ದನ್ನೆಲ್ಲ ಭತ್ಯೆ ಎಂದು ಬರೆದು ಪಿಎಫ್ ಉಳಿಸುವ ಚಾಳಿ ನಮ್ಮಲ್ಲಿ ಹಳೆಯದು. ಒಟ್ಟು ಸಂಭಾವನೆಯ ಅರ್ಧಕ್ಕಿಂತ ಹೆಚ್ಚು ಭತ್ಯೆಗಳಾದರೆ, ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು ಎಂದೂ ಸಂಹಿತೆ ಹೇಳುತ್ತದೆ. ಸಂಬಳದ ಚೀಟಿಯಲ್ಲಿ ‘ಕನ್ವೇಯನ್ಸ್’ ಎಂಬ ಸಾಲು ಕಂಡ ಕೂಡಲೇ ಹಿಗ್ಗಬೇಡಿ. ಅದು ನಿಮ್ಮ ಬಸ್ಸಿಗೆ ಕೊಟ್ಟದ್ದೋ ನಿಮ್ಮ ಪಿಎಫ್‌ನಿಂದ ಕಿತ್ತದ್ದೋ ಎಂದು ನೋಡಿ.

ಈಗ ಒಂದು ಲೆಕ್ಕ ಹಾಕೋಣ. ತುಮಕೂರಿನ ಒಬ್ಬಳಿಗೆ ಎರಡು ಕಡೆಯಿಂದ ಕರೆ ಬಂತು ಎಂದಿಟ್ಟುಕೊಳ್ಳಿ. ಊರಿನಲ್ಲೇ 14,000, ಬೆಂಗಳೂರಿನಲ್ಲಿ 22,000. ತಿಂಗಳಿಗೆ 26 ದಿನ ಕೆಲಸ. ಎಂಟು ಸಾವಿರ ಹೆಚ್ಚು, ಬೆಂಗಳೂರೇ ಸರಿ ಎನ್ನುತ್ತಾರೆ ಮನೆಯವರು. ಶಕ್ತಿ ಬಸ್ಸಿಗೆ ದುಡ್ಡಿಲ್ಲ. ಈ ಕಡೆ ಆಟೋ ದಿನಕ್ಕೆ 60, ಆ ಕಡೆ ಮೆಟ್ರೊ ದಿನಕ್ಕೆ 80, ತಿಂಗಳಿಗೆ 3,640. ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳುವವರಿಗೆ 2,500. ಕೈಯಲ್ಲಿ ಉಳಿಯುವುದು 15,860. ಎಂಟು ಗಂಟೆ ಕೆಲಸ, ಐದು ಗಂಟೆ ದಾರಿ ಸೇರಿ ತಿಂಗಳಿಗೆ 338 ಗಂಟೆ. ಗಂಟೆಗೆ 47 ರೂಪಾಯಿಯೂ ಪೂರ್ತಿ ಬೀಳಲಿಲ್ಲ. ಊರಿನ ಕೆಲಸದಲ್ಲಿ ಓಡಾಟಕ್ಕೆ 600 ಕಳೆದು 13,400, ದಾರಿಗೆ ಒಂದು ಗಂಟೆ ಸೇರಿ 234 ಗಂಟೆ, ಗಂಟೆಗೆ 57. ಅಂದರೆ ಬೆಂಗಳೂರಿಗೆ ಹೋಗುವವಳು 104 ಗಂಟೆ ಹೆಚ್ಚು ತೆತ್ತು 2,460 ರೂಪಾಯಿ ಹೆಚ್ಚು ತಂದಳು. ಆ ಗಂಟೆಗಳ ಬೆಲೆ 24 ರೂಪಾಯಿಗೂ ಕಡಿಮೆ.

ಹಾಗಾದರೆ ಊರಲ್ಲೇ ಇದ್ದುಬಿಡುವುದು ಮೇಲು ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಈ ಲೆಕ್ಕ ಊರಿನ ಮಾಲೀಕನಿಗೆ ನಮಗಿಂತ ಚೆನ್ನಾಗಿ ಗೊತ್ತು. ಇವಳಿಗೆ ದೂರ ಹೋಗಲು ಆಗುವುದಿಲ್ಲ, ಮಕ್ಕಳಿವೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಎಂಬುದು ತಿಳಿದೇ ಅವನು 18,000ದ ಕೆಲಸಕ್ಕೆ 14,000 ಹೇಳುತ್ತಾನೆ. ದೂರ ಹೋದವಳು ದಾರಿಯಲ್ಲಿ ಕಳೆದುಕೊಂಡರೆ, ಹತ್ತಿರ ಉಳಿದವಳು ಸಂಬಳದಲ್ಲೇ ಕಳೆದುಕೊಳ್ಳುತ್ತಾಳೆ. ನಮ್ಮ ಪೇಟೆಗಳ ಖಾಸಗಿ ಶಾಲೆಗಳು, ನರ್ಸಿಂಗ್ ಹೋಮುಗಳು, ಅಂಗಡಿಗಳು ಕಡಿಮೆ ಸಂಬಳಕ್ಕೆ ಓದಿದ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ನಡೆಯುತ್ತಿರುವುದು ಈ ಗುಟ್ಟಿನ ಮೇಲೆ. ‘ಮನೆ ಹತ್ತಿರವೇ ಇದೆಯಲ್ಲ’ ಎಂಬ ಮಾತು ಸಂದರ್ಶನದಲ್ಲಿ ಬಂದರೆ ಅದು ಉಪಚಾರದ ಮಾತಲ್ಲ, ಚೌಕಾಸಿ. ‘ಯಜಮಾನರು ಏನು ಮಾಡುತ್ತಾರೆ?’ ಎಂಬ ಪ್ರಶ್ನೆಯೂ ಚೌಕಾಸಿಯೇ. ಗಂಡನ ಸಂಬಳ ಕೇಳಿಕೊಂಡು ಹೆಂಡತಿಯ ಸಂಬಳ ಇಳಿಸುವವರು, ಹೆಂಡತಿಯ ಸಂಬಳ ಕೇಳಿಕೊಂಡು ಗಂಡನ ಸಂಬಳ ಇಳಿಸಿದ್ದನ್ನು ನಾನಂತೂ ಯಾವ ಬಿಲ್ಲಿನಲ್ಲೂ ಕಂಡಿಲ್ಲ.

ಸಂತೆಯಲ್ಲಿ ಒಂದು ಕಟ್ಟು ಮೆಂತ್ಯೆ ಸೊಪ್ಪಿಗೆ ಎರಡು ರೂಪಾಯಿ ಬಿಡಿಸಿಕೊಳ್ಳದೆ ಬರುವವರಲ್ಲ ನಾವು. ಸೀರೆ ಅಂಗಡಿಯಲ್ಲಿ ಎದ್ದು ನಾಲ್ಕು ಹೆಜ್ಜೆ ಹಾಕಿ ಬೆಲೆ ಇಳಿಸುವ ಕಲೆ ನಮ್ಮದು. ಆದರೆ ನಮ್ಮ ದುಡಿಮೆಗೆ ಬೆಲೆ ಹೇಳುವಾಗ ಮಾತ್ರ ‘ನೀವು ಹೇಳಿದಷ್ಟು ಸಾರ್’ ಎಂದು ತಲೆ ತಗ್ಗಿಸಬೇಕೆಂದು ಕಲಿಸಿದ್ದಾರೆ. ದುಡ್ಡಿನ ಮಾತಾಡುವ ಹೆಣ್ಣು ಬಜಾರಿ, ಮಾತಾಡದವಳು ಸಂಭಾವಿತೆ. ಈ ಸಂಭಾವಿತತನದ ಬಡ್ಡಿಯನ್ನು ತಿನ್ನುವವರು ಯಾರೆಂದು ಹೇಳಬೇಕಾಗಿಲ್ಲ.

ಆದ್ದರಿಂದ ಕೆಲಸಕ್ಕೆ ಕರೆ ಬಂದ ದಿನ ಸಿಹಿ ಹಂಚುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮನೆಯಿಂದ ಹೊರಟು ಮನೆಗೆ ಬರುವ ತನಕದ ಗಂಟೆಗಳನ್ನೂ ದುಡ್ಡನ್ನೂ ಬರೆಯಿರಿ. ವರ್ಷಕ್ಕೆ ಮೂರು ಲಕ್ಷ ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆಂದು ತಿಳಿಯಬೇಡಿ. ಸಿಟಿಸಿ ಎಂದು ಅವರು ಹೇಳುವ ಮೊತ್ತದೊಳಗೆ ಮಾಲೀಕನ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲ ಅಡಗಿರಬಹುದು. ಬಿಡಿಸಿ ಬರೆದುಕೊಡಿ ಎಂದು ಕೇಳಿ. ಹಿಂದಿನ ಸಂಬಳ ಎಷ್ಟಿತ್ತು ಎಂದರೆ, ಈ ಕೆಲಸಕ್ಕೆ ನಾನು ಕೇಳುವುದು ಇಷ್ಟು ಎಂದು ಹೇಳಿ. ಸಂಸ್ಥೆಯ ವಾಹನವಿದ್ದರೆ ಭತ್ಯೆಗಿಂತ ವಾಹನ ಕೇಳುವುದು ಮೇಲು. ಭತ್ಯೆ ಬೆಲೆಯೇರಿಕೆಗೆ ಕರಗುತ್ತದೆ, ವಾಹನ ಕರಗುವುದಿಲ್ಲ. ವಾಹನ ಎಲ್ಲಿಗೆ ಬರುತ್ತದೆ, ತಡವಾಗಿ ಬಂದ ದಿನ ಹಾಜರಿ ಯಾರ ತಲೆಗೆ ಎಂಬುದನ್ನೂ ಆಗಲೇ ಕೇಳಿ. ದುಡ್ಡು ಕೊಡಲಾರೆ ಎಂದವನ ಹತ್ತಿರ ಹೊತ್ತು ಕೇಳಿ. ಒಂಬತ್ತಕ್ಕೆ ಬದಲು ಒಂಬತ್ತೂವರೆಗೆ ಬಂದರೆ ಆಗುವ ಬಸ್ಸು ಸಿಗುವುದಾದರೆ ಆ ಅರ್ಧ ಗಂಟೆಗೂ ಬೆಲೆ ಇದೆ. ಬೇರೆ ಶಾಖೆಗೆ ಹಾಕಿದರೆ ದೂರದ ಖರ್ಚು ಯಾರದು ಎಂಬುದೂ ನೇಮಕದ ಪತ್ರದಲ್ಲಿರಲಿ. ಬಾಯಿಮಾತಿನ ಭರವಸೆ ಮ್ಯಾನೇಜರು ಬದಲಾದ ದಿನ ಗಾಳಿಗೆ ಹೋಗುತ್ತದೆ.

‘ಹೀಗೆಲ್ಲ ಕೇಳಿದರೆ ಕೆಲಸವೇ ಕೊಡುವುದಿಲ್ಲ’ ಎಂದು ಹೆದರಿಸುವವರಿದ್ದಾರೆ. ಕೆಲವರು ಕೊಡಲಿಕ್ಕಿಲ್ಲ, ಅದು ನಿಜ. ಮನೆಯಲ್ಲಿ ಒಲೆ ಉರಿಯುವುದೇ ಆ ಸಂಬಳದಿಂದ ಎಂಬವಳಿಗೆ ಜಗಳವಾಡಿ ಎದ್ದು ಬಾ ಎಂದು ನಾನು ಹೇಳಲಾರೆ. ಆದರೆ ಕೇಳುವುದೇ ಜಗಳವಲ್ಲ. ಬೆಲೆ ಕೇಳಿದ ಮಾತ್ರಕ್ಕೆ ಅಂಗಡಿಯವನು ಓಡಿಸುವುದಿಲ್ಲವಲ್ಲ. ಒಬ್ಬಳು ಕೇಳಿದರೆ ಅಧಿಕಪ್ರಸಂಗ, ಹತ್ತು ಜನ ಕೇಳಿದರೆ ಪದ್ಧತಿ. ಈಗಾಗಲೇ ಕೆಲಸದಲ್ಲಿ ಗಟ್ಟಿಯಾಗಿ ಕುಳಿತವರು, ಹೋದರೂ ಬೇರೆ ಸಿಗುತ್ತದೆಂಬ ಧೈರ್ಯವುಳ್ಳವರು ಮೊದಲು ಕೇಳಬೇಕು. ಅವರ ಹಿಂದೆ ಬರುವವಳಿಗೆ ದಾರಿ ಸವೆದಿರುತ್ತದೆ. ಪ್ರಯಾಣದ ದುಡ್ಡು ಕೊಡಬೇಕೆಂದರೆ ಹತ್ತಿರದವರನ್ನೇ ಆರಿಸುತ್ತಾರೆ, ದೂರದವಳಿಗೆ ಬಾಗಿಲು ಮುಚ್ಚುತ್ತದೆ ಎಂಬ ಆಕ್ಷೇಪಣೆಯಲ್ಲಿ ಸ್ವಲ್ಪ ಹುರುಳಿದೆ. ಅದಕ್ಕೇ ಈ ಹೊರೆ ಮಾಲೀಕನ ಮೇಲಷ್ಟೇ ಬಿಡಬಾರದು ಎನ್ನುವುದು.

ಸರ್ಕಾರ ಮಾಡಬೇಕಾದದ್ದೂ ದೊಡ್ಡ ಮಾತಲ್ಲ. ದೂರದ ಲೆಕ್ಕದಲ್ಲಿ ಸಂಬಳಗಾರರಿಗೆ ವಿನಾಯಿತಿ ಇರಲಿ, ತೆರಿಗೆಯ ಮಟ್ಟ ಮುಟ್ಟದವರಿಗೆ ಅದು ಪಾಸಿನ ರೂಪದಲ್ಲಿ ಬರಲಿ; ಬಸ್ಸಿನಲ್ಲಿ ಬಂದದ್ದು ರೈಲಿಗೂ ಮೆಟ್ರೊಗೂ ಖಾಸಗಿ ಬಸ್ಸಿಗೂ ಬರಲಿ. ಹೆಂಗಸರಿಗೆಂದು ತೆರಿಗೆಯಲ್ಲಿ ಒಂದು ಪ್ರತ್ಯೇಕ ಮಿತಿ ಇತ್ತು. 2011-12ರಲ್ಲಿ ಗಂಡಸರಿಗೆ 1,80,000, ನಮಗೆ 1,90,000. ಮರು ವರ್ಷ ಇಬ್ಬರಿಗೂ ಎರಡು ಲಕ್ಷ ಎಂದು ಅದನ್ನು ಅಳಿಸಿದರು. ಆ ಹತ್ತು ಸಾವಿರದ ಉಪಕಾರ ಮತ್ತೆ ಬೇಡ. ಹೆಣ್ಣೆಂದು ಕನಿಕರಿಸಿ ಕೊಡುವ ಚಿಲ್ಲರೆ ಬೇರೆ, ದುಡಿಮೆಯ ಖರ್ಚನ್ನು ಖರ್ಚೆಂದು ಒಪ್ಪಿಕೊಳ್ಳುವುದು ಬೇರೆ. ನಾವು ಕೇಳುತ್ತಿರುವುದು ಎರಡನೆಯದನ್ನು.

ಬೆಳಗಿನ ಮೊದಲ ಬಸ್ಸಿನಲ್ಲಿ ಸೀಟು ಹಿಡಿದು, ಡಬ್ಬಿಯ ಚೀಲ ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುವ ಹೆಣ್ಣುಮಕ್ಕಳನ್ನು ನೀವು ನೋಡಿದ್ದೀರಿ. ಅವರು ಕೆಲಸಕ್ಕೆ ಹೋಗುತ್ತಿದ್ದಾರೆ ಎನ್ನುತ್ತೇವೆ. ಅವರು ಆಗಲೇ ಕೆಲಸದಲ್ಲಿದ್ದಾರೆ. ಹಾಜರಿ ಪುಸ್ತಕದಲ್ಲಿ ಅದು ಬರೆದಿಲ್ಲ ಅಷ್ಟೇ. ಅದನ್ನು ಬರೆಯಿಸುವುದು ಈಗ ಕೇಳಬಲ್ಲವರ ಕೈಯಲ್ಲಿದೆ.